ಕಾಶಿಂಬಿ ತೆಗೆಸಿದ ಕೀಲಿ

ಬಹಳ ಹಿಂದೆ, ಹೊಳೆದಂಡೆಯ ಒಂದೂರಲ್ಲಿ ಕಾಶಿಂಬಿ ಅಂತ ಒಬ್ಬ ಸೂಲಗಿತ್ತಿ ಇದ್ದಳಂತೆ. ಎಷ್ಟು ಹಿಂದೆ ಅಂತ ನನ್ನನ್ನು ಕೇಳಬೇಡಿ. ಅವಳ ಕೈ ಸೋಕಿದರೆ ಅಡ್ಡ ತಿರುಗಿದ ಕೂಸೂ ನೆಟ್ಟಗಾಗುತ್ತಿತ್ತು ಅಂತಾರೆ. ಇದನ್ನು ನಂಬದವರು ಆ ಊರಲ್ಲಿ ಇನ್ನೂ ಹುಟ್ಟಿಲ್ಲ.

ಊರ ಗುಡ್ಡದ ಮೇಲೊಂದು ಗದ್ದುಗೆ. ಸಿದ್ಧನದೆಂದು ಕೆಲವರು ಕಾಯಿ ಒಡೆಸುತ್ತಿದ್ದರು, ಪೀರನದೆಂದು ಕೆಲವರು ಸಕ್ಕರೆ ಇಟ್ಟು ಫಾತೆಹಾ ಓದಿಸುತ್ತಿದ್ದರು. ಕಾಶಿಂಬಿಗೆ ಮಾತ್ರ ಅವನು ಬರೀ ಗುಡ್ಡದಜ್ಜ. ಒಂದು ವರ್ಷ, ಉರುಸಿನ ಮೊದಲ ದೀಪ ಯಾರು ಹಚ್ಚಬೇಕೆಂದು ಜಗಳ ಹತ್ತಿತು. ಊರಗೌಡ ನಿಂಗನಗೌಡರು ಗದ್ದುಗೆಯ ಬಾಗಿಲಿಗೊಂದು ಕೀಲಿ ಜಡಿದರು, ಗದ್ದುಗೆ ನೋಡಿಕೊಳ್ಳುವ ಮುಜಾವರ ಮಕ್ತುಮಸಾಬ ಇನ್ನೊಂದು ಜಡಿದ. ಅಜ್ಜ ಕತ್ತಲಲ್ಲಿ ಕೂತ. ಇಬ್ಬರೂ ಮಹಾಭಕ್ತರು ನೋಡಿ.

ಅದೇ ವರ್ಷ ಗೌಡರ ಮಗಳು ಶಿವಗಂಗವ್ವನಿಗೆ ಬ್ಯಾನಿ ಹತ್ತಿತು. ಎರಡು ದಿನವಾದರೂ ಕೂಸು ಬರಲಿಲ್ಲ. ಹೆರಿಗೆ ತಡೆದರೆ ಮನೆಯಲ್ಲಿ ಕಟ್ಟಿದ್ದನ್ನೆಲ್ಲ ಬಿಚ್ಚಬೇಕು, ಮುಚ್ಚಿದ್ದನ್ನೆಲ್ಲ ತೆಗೆಯಬೇಕು. ಅದು ಆ ಸೀಮೆಯ ಪದ್ಧತಿ. ಕಾಶಿಂಬಿ ಕಾಳು ತುಂಬಿಟ್ಟ ಹಗೇವಿನ ಬಾಯಿ ತೆಗೆಸಿದಳು, ಹೆಂಗಸರ ತುರುಬು ಬಿಚ್ಚಿಸಿದಳು, ದನಗಳ ಕಣ್ಣಿ ಕೂಡ ಬಿಚ್ಚಿಸಿದಳು. ಹುಡುಗಿಯ ಅಂಗಾಲು ತಣ್ಣಗಾಗುತ್ತಲೇ ಬಂತು. ಜನ್ಮದಲ್ಲಿ ಮೊದಲ ಸಲ ಕಾಶಿಂಬಿಗೆ ಹೆದರಿಕೆಯಾಯಿತಂತೆ. ಹೊರಗೆ ಬಂದು, ಇನ್ನೇನು ಮುಚ್ಚಿಟ್ಟಿದ್ದೀರಿ ಎಂದು ಗೌಡರನ್ನು ಕೇಳಿದಳು. ಏನೂ ಇಲ್ಲ ಎಂದರು ಗೌಡರು.

“ಗುಡ್ಡದ ಮ್ಯಾಲಿಂದು?”

“ಅದು ದೇವರ ಕೀಲಿ, ಮನಿದಲ್ಲ.”

“ದೇವರು ಯಾವಾಗ ಕೀಲಿ ಬೇಡಿದ್ದ ರೀ? ಹಾಕಿದ ಕೈ ನಿಮ್ದು, ಒಳಗ ಒದ್ದಾಡಾಕಿ ನಿಮ್ಮ ಮಗಳು.”

ಗೌಡರು ರುಮಾಲು ಸುತ್ತಿಕೊಳ್ಳುವುದನ್ನೂ ಮರೆತು ಓಡಿದರು. ಆದರೆ ಒಂದೇ ಕೀಲಿಕೈಗೆ ತೆಗೆಯುವ ಬಾಗಿಲಲ್ಲ ಅದು. ಮಕ್ತುಮಸಾಬನ ಅಂಗಳದಲ್ಲಿ ಬರಿದಲೆಯಲ್ಲಿ ನಿಂತು ತಮ್ಮ ಕೀಲಿಕೈ ಮುಂದೆ ಹಿಡಿದರು. ಮುಜಾವರ ಏನೆಂದು ಕೇಳಲೂ ಇಲ್ಲ. ಆ ಹುಡುಗಿಯನ್ನು ಹೆಗಲ ಮೇಲೆ ಆಡಿಸಿದವನು, ತನ್ನ ಕೀಲಿಕೈ ಹಿಡಿದು ಗೌಡರಿಗಿಂತ ಮುಂದೆ ಗುಡ್ಡಕ್ಕೆ ಓಡಿದ ಅಂತಾರೆ.

ಇತ್ತ ಕಾಶಿಂಬಿ ಹುಡುಗಿಯ ಕೈ ಬಿಡದೆ, ಅಜ್ಜಾ ಅಜ್ಜಾ ಎನ್ನುತ್ತ ಕೂತಿದ್ದಳು. ಗುಡ್ಡದ ಮೇಲೆ ಬಾಗಿಲು ಕಿರ್ರೆಂದದ್ದೂ ಕೆಳಗೆ ಕೂಸು ಅತ್ತದ್ದೂ ಒಂದೇ ಗಳಿಗೆ ಅಂತಾರೆ. ಎರಡನ್ನೂ ಒಟ್ಟಿಗೆ ಕೇಳಿದವರ್ಯಾರು ಎನ್ನುವವರು ಆಚೆ ಹೋಗಿ ಕೂರಲಿ.

ಹೆರಿಗೆಯೆಂದರೆ ಹೆಣ್ಣಿಗೆ ಮರುಹುಟ್ಟು, ಸತ್ತು ಬದುಕಿದವಳೇ ದೀಪ ಹಚ್ಚಲಿ ಎಂದಳಂತೆ ಕಾಶಿಂಬಿ. ಆ ಸಲ ಶಿವಗಂಗವ್ವ ಹಚ್ಚಿದಳು. ಇಂದಿಗೂ ಹಾಗೇ. ಉರುಸಿಗೆ ಮುಂಚೆ ಕೊನೆಗೆ ಹೆತ್ತವಳು ಯಾವ ಕೇರಿಯವಳಾದರೂ ಸರಿ, ಕೂಸನ್ನು ಎತ್ತಿಕೊಂಡು ಮುಂದೆ ನಡೆಯುತ್ತಾಳೆ. ಗೌಡರ ಮನೆಯವರೂ ಮುಜಾವರರೂ ಎಣ್ಣೆ ಹಿಡಿದು ಅವಳ ಹಿಂದೆ.