ಒಂದೇ ಕುಟ್ಟಾಣಿಯ ವೀಳ್ಯ

ಏಳ್ಗಲ್ಲು ಸೀಮೆಯ ಪೂಜ್ಯ ಮುದ್ದಾಂಬಿಕಾ ಮಾತೆಯವರು ವಾಸವಾಗಿದ್ದದ್ದು ಮಠದಲ್ಲಲ್ಲ, ಗುಹೆಯಲ್ಲೂ ಅಲ್ಲ. ಹುಲಿಕೋಟೆಗೂ ಬಿಳಿಗಲ್ಲಿಗೂ ನಡುವಿನ ಗಡಿಯಲ್ಲಿ ಅರ್ಧ ಕುಸಿದ ಒಂದು ಕಾವಲು ಬುರುಜಿನಲ್ಲಿ. ಅದಕ್ಕೆ ಹುಲ್ಲು ಹೊದಿಸಿ, ಬುಡದ ಒರತೆಯ ಪಕ್ಕ ವೀಳ್ಯದೆಲೆಯ ಬಳ್ಳಿ ಹಬ್ಬಿಸಿಕೊಂಡಿದ್ದರು. ಬಾಯಲ್ಲಿ ಒಂದೇ ಒಂದು ಹಲ್ಲಿರಲಿಲ್ಲ. ಆದರೂ ಊಟ ಬಿಟ್ಟಾರು, ಎಲೆಯಡಿಕೆ ಬಿಡರು. ಎಲೆಯಡಿಕೆ ಕುಟ್ಟುವ ಹಿತ್ತಾಳೆಯ ಪುಟ್ಟ ಕುಟ್ಟಾಣಿಯೊಂದು ಸದಾ ಮಡಿಲಲ್ಲಿರುತ್ತಿತ್ತು. ವೈರಾಗ್ಯವಿದ್ದವರು ಮುಖ ಗಂಟಿಕ್ಕಿಕೊಂಡಿರಬೇಕು ಎಂದು ನಂಬಿದ್ದ ಪಂಡಿತರೊಬ್ಬರು ಇದನ್ನು ಆಕ್ಷೇಪಿಸಿದಾಗ, ಮಾತೆಯವರು ಅವರಿಗೂ ಒಂದು ಚಿಟಿಕೆ ಕುಟ್ಟಿ ಕೊಟ್ಟರಂತೆ. ಬಿರುದುಗಳೆಲ್ಲ ಭಕ್ತರು ಆಮೇಲೆ ಕಟ್ಟಿದವು. ಆಗ ಎಲ್ಲರ ಬಾಯಲ್ಲೂ ಅವರು ಮುದ್ದವ್ವ.

ಸೀಮೆಯ ಅರಸರು ಮಕ್ಕಳಿಲ್ಲದೆ ತೀರಿಕೊಂಡು ಹತ್ತು ವರ್ಷವಾಗಿತ್ತು. ಅಂದಿನಿಂದ ಏಳು ಕೋಟೆಯ ಏಳು ನಾಯಕರೂ ಸಿಂಹಾಸನ ತಂತಮ್ಮದೆಂದು ಬಡಿದಾಡುತ್ತಲೇ ಇದ್ದರು. ಬಡಿದಾಡುತ್ತಿದ್ದವರು ನಾಯಕರು, ಸಾಯುತ್ತಿದ್ದವರು ಹಟ್ಟಿಯವರು. ಇಷ್ಟಾದರೂ ಅವರ ಕಾಳಗಕ್ಕೊಂದು ಕಟ್ಟಳೆಯಿತ್ತು. ಎರಡು ದಂಡುಗಳ ನಡುವಿನ ಬಯಲಿಗೆ ಎರಡೂ ಕಡೆಯಿಂದ ಒಬ್ಬೊಬ್ಬ ವೀರ ಬರಬೇಕು. ತಂತಮ್ಮ ನಾಯಕ ಕೊಟ್ಟ ರಣವೀಳ್ಯವನ್ನು ಎಲ್ಲರೆದುರು ಅಗಿದು, ಕೆಂಪು ರಸವನ್ನು ನೆಲಕ್ಕೆ ಉಗುಳಬೇಕು. ಅದಾಗದ ಹೊರತು ಯಾರೂ ಕಹಳೆ ಊದುವಂತಿಲ್ಲ.

ಒಂದು ಮಧ್ಯಾಹ್ನ ಆ ಬುರುಜಿನ ಬಾಗಿಲಿಗೆ ಹುಲಿಕೋಟೆ ಕಡೆಯ ಪಾಲಯ್ಯನೆಂಬುವನು ಏದುಸಿರು ಬಿಡುತ್ತ ಬಂದ.

"ಅವ್ವಾ, ನನ್ನ ಇಲ್ಲೇ ಎಲ್ಲಾದ್ರೂ ಬಚ್ಚಿಟ್ಕೋ."

"ಯಾರಪ್ಪಾ ನೀನು?" ಎಂದರು ಮಾತೆಯವರು.

"ರಣಭೈರವ" ಎಂದ. ಹಾಗೆಂದವನಿಗೆ ಅಳು ಬಂದುಬಿಟ್ಟಿತು.

ಸಂಗತಿ ಇಷ್ಟೇ. ಪಾಲಯ್ಯ ಕೋಣದ ಮೇಲೆ ನೀರು ಹೇರಿ ದಂಡಿಗೆ ಒದಗಿಸುವವನು. ಹಿಂದಿನ ಕಾಳಗದ ದಿನ ದಂಡಿಗೆಲ್ಲ ನೀರು ಹೊತ್ತ ಕೋಣಕ್ಕೆ ಒಂದು ಗುಟುಕು ಕುಡಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಕಹಳೆ ಮೊಳಗಿದ್ದೇ ತಡ, ಅದು ಬಿಳಿಗಲ್ಲಿನ ದಂಡಿನ ಹಿಂದೆ ಹೊಳೆಯುತ್ತಿದ್ದ ಕೆರೆಯ ಕಡೆ ದೌಡಾಯಿಸಿತು. ಮೇಲೆ ಕುಳಿತಿದ್ದ ಪಾಲಯ್ಯ ಕಣ್ಣು ಮುಚ್ಚಿ ಕೊಂಬು ಹಿಡಿದುಕೊಂಡು ಕುಲದೇವರನ್ನು ಕೂಗಿದ. ಆ ಕೂಗು ಹಿಂದಿನವರಿಗೆ ರಣಘೋಷದಂತೆ ಕೇಳಿ, ಅವರೂ ನುಗ್ಗಿದರು. ಎದುರಿನ ಸಾಲು ಚೆದುರಿತು. ಪಾಲಯ್ಯ ಕಣ್ಣು ಬಿಟ್ಟಾಗ ಕೋಣ ಕೆರೆಯಲ್ಲಿ ನೀರು ಕುಡಿಯುತ್ತಿತ್ತು, ಹುಲಿಕೋಟೆ ಗೆದ್ದಿತ್ತು. ನಾಯಕರು ಅವನ ಕಾಲಿಗೆ ವೀರರ ಪೆಂಡೆಯ ತೊಡಿಸಿ, ರಣಭೈರವನೆಂಬ ಬಿರುದು ಕೊಟ್ಟು, ಮುಂದಿನ ಕಾಳಗದ ರಣವೀಳ್ಯ ನಿನಗೇ ಎಂದರು.

"ಗೆದ್ದಿದ್ದು ಕೋಣ ಅಂದ್ರೆ ಯಾರೂ ನಂಬ್ತಿಲ್ಲವ್ವಾ. ವಿನಯ ಅಂತಾರೆ. ಮೂರು ದಿನ ಕಳೆದ ಮೇಲೆ ಕಾಳಗ. ನಾನು ಹೋದ್ರೆ ನಮ್ಮ ಹಟ್ಟಿ ಹದಿನೆಂಟು ಜನ ನನ್ನ ನಂಬಿ ಹಿಂದೆ ಬಂದು ಸಾಯ್ತಾರೆ. ಹೋಗದಿದ್ರೆ ಆ ಹದಿನೆಂಟು ಜನಾನೇ ಮುಂದಿನ ಸಾಲಿಗೆ ನಿಲ್ಲಿಸ್ತಾರಂತೆ. ನಂಗೆ ಕತ್ತಿ ಹಿಡಿಯೋಕೇ ಬರಲ್ಲ."

ಮಾತೆಯವರು ಎಲ್ಲವನ್ನೂ ಕೇಳಿಸಿಕೊಂಡು, "ಆ ಕೋಣ ಎಲ್ಲೈತೆ?" ಎಂದರು.

"ಕೆಳಗೆ ಕಟ್ಟಿದೀನಿ."

"ಮೊದಲು ಅದಕ್ಕೆ ನೀರು ಕುಡಿಸಿ ಬಾ."

ಮೂರು ದಿನ ಪಾಲಯ್ಯ ಅಲ್ಲೇ ಉಳಿದ. ಮಾತೆಯವರು ಉಪದೇಶ ಮಾಡಲಿಲ್ಲ, ಮಂತ್ರ ಹೇಳಿಕೊಡಲಿಲ್ಲ. ಕುಟ್ಟಾಣಿಯನ್ನು ಅವನ ಕೈಗೆ ಕೊಟ್ಟರು. ದಿನಕ್ಕೆ ಏಳೆಂಟು ಸಲ ಎಲೆಗೆ ಸುಣ್ಣ ಸವರಿ, ಅಡಿಕೆ ಸೇರಿಸಿ ಕುಟ್ಟುವುದೇ ಅವನ ಸಾಧನೆ. ಮೊದಲ ಸಲ ಅವರೊಬ್ಬರಿಗೆ ಮಾತ್ರ ಒಂದೆಲೆ ಹಾಕಿದ್ದಕ್ಕೆ, "ನಿನ್ನದೆಲ್ಲಿ? ಒಬ್ಬಳೇ ಹಾಕ್ಕೊಳ್ಳೋ ರೂಢಿ ನನಗಿಲ್ಲ" ಎಂದು ಗದರಿದರು. ಆಮೇಲೆ ಪ್ರತಿ ಸಲವೂ ಎರಡೆಲೆ. ನುಣ್ಣಗೆ ಕುಟ್ಟಿ, ಎರಡು ಪಾಲು ಮಾಡಿ, ದೊಡ್ಡ ಪಾಲನ್ನು ಮಾತೆಯವರಿಗೆ ಕೊಡುವುದು. ಅವರು ಅದನ್ನು ಮೆಲ್ಲಗೆ ಅವನ ಪಾಲಿನ ಜೊತೆ ಬದಲಿಸಿಬಿಡುವುದು. ಹೆತ್ತ ತಾಯಿ ಹೋದ ಮೇಲೆ ಪಾಲಯ್ಯನಿಗೆ ಯಾರೂ ಹಾಗೆ ಕೊಟ್ಟಿರಲಿಲ್ಲ.

ಎರಡನೆಯ ದಿನ ಇಬ್ಬರು ಕುರಿಗಾಹಿಗಳು ಒಂದು ಟಗರಿನ ವಿಷಯಕ್ಕೆ ಕೊರಳಪಟ್ಟಿ ಹಿಡಿದುಕೊಂಡೇ ಅಲ್ಲಿಗೆ ಬಂದರು. ಒಬ್ಬ ಹುಲಿಕೋಟೆಯವನು, ಇನ್ನೊಬ್ಬ ಬಿಳಿಗಲ್ಲಿನವನು. ಅವರ ವಾದವನ್ನು ಮಾತೆಯವರು ಪೂರ್ತಿ ಕೇಳಲೂ ಇಲ್ಲ. ಪಾಲಯ್ಯ ಕುಟ್ಟಿದ್ದನ್ನು ಇಬ್ಬರಿಗೂ ಹಂಚಿದರು. ಒಂದೇ ಕುಟ್ಟಾಣಿಯದನ್ನು ಹಂಚಿಕೊಂಡು ನುಂಗಿದವರೂ ಅವರ ಬೆನ್ನಿಗೆ ನಿಂತವರೂ ಒಂದು ವರ್ಷ ಒಬ್ಬರ ಮೇಲೊಬ್ಬರು ಕೈ ಎತ್ತಬಾರದು. ಇದು ಹಟ್ಟಿಗಳಲ್ಲಿ ಅಜ್ಜಂದಿರ ಕಾಲದಿಂದ ನಡೆದುಬಂದ ನಡವಳಿಕೆ. ಬೆಳ್ಳಿ ತಟ್ಟೆಯಲ್ಲಿ ಒಬ್ಬೊಬ್ಬರೇ ತಾಂಬೂಲ ಹಾಕಿಕೊಳ್ಳುವ ನಾಯಕರಿಗೆ ಇದು ತಿಳಿಯುವ ಪ್ರಮೇಯವೇ ಬಂದಿರಲಿಲ್ಲ. ಕುರಿಗಾಹಿಗಳು ಗೊಣಗುತ್ತಲೇ ಹೋದರು, ಆದರೆ ಜೊತೆಯಾಗಿ ಹೋದರು.

ನಾಲ್ಕನೆಯ ದಿನ ಬೆಳಗಾಯಿತು. ಪಾಲಯ್ಯ ಮಾತೆಯವರ ಪಾದ ಹಿಡಿದುಕೊಂಡ.

"ಹದಿನೆಂಟು ಜನರ ಮುಖ ನೆನೆದರೆ ಇಲ್ಲಿ ಕೂರೋಕಾಗಲ್ಲ, ಅವ್ವಾ. ಹೋಗ್ತೀನಿ. ಆದರೆ ಕೈಕಾಲು ನಡುಗ್ತಾವೆ. ಈ ಭಯ ಹೋಗೋ ಹಂಗೆ ಏನಾದ್ರೂ ಮಾಡು."

ಮಾತೆಯವರು ಅವನ ತಲೆ ಸವರಿದರು. "ಭಯ ಇರಲಿ ಬಿಡು, ಮಗಾ. ಭಯ ಇಲ್ಲದವನು ಎದುರಿನವನ ಕತ್ತು ನೋಡ್ತಾನೆ. ನೀನು ಮುಖ ನೋಡು."

ಇಷ್ಟು ಹೇಳಿ ಕುಟ್ಟಾಣಿಯನ್ನು ಅವನ ಸೊಂಟದ ವಸ್ತ್ರಕ್ಕೆ ಸಿಕ್ಕಿಸಿದರು.

ಬಯಲಿನಲ್ಲಿ ಎರಡು ದಂಡುಗಳೂ ಸಾಲುಗಟ್ಟಿದ್ದವು. ಪಾಲಯ್ಯನನ್ನು ಕಂಡು ಅವನ ಹಟ್ಟಿಯವರು ಹರ್ಷದಿಂದ ಕೂಗಿದರು. ಹುಲಿಕೋಟೆ ನಾಯಕರು ತಟ್ಟೆ ಚಾಚಿದರು. ಅವನು ರಣವೀಳ್ಯವನ್ನು ಎತ್ತಿಕೊಂಡು ನಡುಬಯಲಿಗೆ ನಡೆದ.

ಎದುರಿನಿಂದ ಬಿಳಿಗಲ್ಲಿನ ವೀರ ಕಾಟಯ್ಯ ಬಂದ. ಮೂವತ್ತು ಕಾಳಗ ಕಂಡವನು, ಬಾಗಿಲಿನಷ್ಟು ಅಗಲ, ಕಿವಿಯವರೆಗೆ ಮೀಸೆ. ಅವನ ಹೆಸರು ಹೇಳಿದರೆ ಹುಲಿಕೋಟೆಯ ಹಟಮಾರಿ ಮಕ್ಕಳೂ ಹೆದರಿ ಊಟ ಮಾಡುತ್ತಿದ್ದವು. ಪಾಲಯ್ಯನ ಕಣ್ಣು ತಾನಾಗಿ ಅವನ ಸೊಂಟದ ಕತ್ತಿಯ ಕಡೆ ಹೋಯಿತು. ಆಮೇಲೆ ಅವ್ವ ಹೇಳಿದ್ದು ನೆನಪಾಗಿ, ಕಷ್ಟಪಟ್ಟು ಮುಖದ ಕಡೆ ನೋಡಿದ.

ನೋಡಿದರೆ, ಕಾಟಯ್ಯನ ಕೆನ್ನೆಗಳು ಒಳಕ್ಕೆ ಹೋಗಿದ್ದವು. ವೀಳ್ಯವನ್ನು ಬಾಯಿಗಿಟ್ಟುಕೊಂಡ ಆ ಮಹಾವೀರ ಅದನ್ನು ಆ ದವಡೆಯಿಂದ ಈ ದವಡೆಗೆ ಸುಮ್ಮನೆ ತಳ್ಳುತ್ತಿದ್ದ. ಅಡಿಕೆ ಒಡೆಯುತ್ತಿರಲಿಲ್ಲ. ಕಣ್ಣಂಚಿನಲ್ಲಿ ನೀರಾಡುತ್ತಿತ್ತು. ಮೂರು ದಿನ ಮುದ್ದವ್ವನ ಎದುರು ಕುಳಿತಿದ್ದವನಿಗೆ ಆ ಮುಖ ಎಲ್ಲಿಯೋ ಕಂಡದ್ದೆನಿಸಿತು. ದಂಡು ಕಾಣದ ಸತ್ಯ ಅವನಿಗೆ ಕಂಡಿತು. ಮೀಸೆಯ ಕೆಳಗೆ ಹಲ್ಲಿರಲಿಲ್ಲ.

"ಅಣ್ಣಾ," ಎಂದ ಪಾಲಯ್ಯ ಮೆತ್ತಗೆ, "ಕುಟ್ಟಿ ಕೊಡ್ಲಾ?"

ಕಾಟಯ್ಯನ ಮುಖ ಕೆಂಪಾಯಿತು. "ಯಾರಿಗೂ ಗೊತ್ತಿಲ್ಲ ಕಣೋ," ಎಂದ ಪಿಸುದನಿಯಲ್ಲಿ. "ಮುದುಕ ಆದ ಅಂತ ಗೊತ್ತಾದ್ರೆ ನನ್ನ ಜಾಗಕ್ಕೆ ನನ್ನ ಮಗನ್ನ ಕರೀತಾರೆ. ಅವನಿಗೆ ಮೊನ್ನೆ ತಾನೇ ಮದುವೆಯಾಗೈತೆ."

ಪಾಲಯ್ಯ ಅಲ್ಲೇ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕುಳಿತ. ಕಾಟಯ್ಯನೂ ಕುಳಿತ. ಬಾಯಿಂದ ಹೊರತೆಗೆದ ವೀಳ್ಯ ಕುಟ್ಟಾಣಿಗೆ ಬಿತ್ತು. ಪಾಲಯ್ಯನ ಕೈ ಮೂರು ದಿನದ ರೂಢಿಯಂತೆ ತನ್ನ ವೀಳ್ಯವನ್ನೂ ಅದರೊಳಗೆ ಹಾಕಿತು. ಹೀಗೆಯೇ ಮಾಡಬೇಕೆಂದು ಅವನೇನೂ ಯೋಚಿಸಿರಲಿಲ್ಲ. ಟಕಟಕ ಕುಟ್ಟಿ, ಎರಡು ಪಾಲು ಮಾಡಿ, ದೊಡ್ಡ ಪಾಲನ್ನು ಕಾಟಯ್ಯನಿಗೆ ಚಾಚಿದ. ಕಾಟಯ್ಯ ಅದನ್ನು ಬಾಯಿಗೆ ಹಾಕಿಕೊಂಡ. ಎಷ್ಟೋ ವರ್ಷಗಳ ಮೇಲೆ ಎಲೆಯಡಿಕೆಯ ರುಚಿ ಸಿಕ್ಕಿದ್ದರಿಂದ, ಉಗುಳುವುದನ್ನು ಮರೆತು ನುಂಗಿಬಿಟ್ಟ. ಪಾಲಯ್ಯನೂ ನುಂಗಿದ.

ಎರಡೂ ದಂಡಿನವರು ಕಹಳೆಯವನ ಕಡೆ ತಿರುಗಿದರು.

"ಊದೋ ಕಹಳೆ!" ಎಂದು ಹುಲಿಕೋಟೆ ನಾಯಕರು ಗುಡುಗಿದರು.

ಕಹಳೆಯವನು ಕಹಳೆ ಕೆಳಗಿಳಿಸಿದ. "ಕೆಂಪು ನೆಲಕ್ಕೆ ಬಿದ್ದಿಲ್ಲ, ಒಡೆಯಾ. ಇಬ್ಬರೂ ಒಂದೇ ಕುಟ್ಟಾಣಿಯವರಾದರು."

ಬಿಳಿಗಲ್ಲಿನ ಸಾಲಿನಲ್ಲಿ ಒಬ್ಬ ಮುದುಕ ಮೊದಲು ಈಟಿ ಕೆಳಗಿಟ್ಟ. ಅವನ ಪಕ್ಕದವನು ಇಟ್ಟ. ಆಮೇಲೆ ಎಷ್ಟು ಈಟಿಗಳು ನೆಲ ಕಂಡವೆಂದರೆ ಆ ಸದ್ದು ಕೆರೆಯ ಏರಿಯವರೆಗೂ ಕೇಳಿತಂತೆ. ನಾಯಕರು ಬೈದರು, ಬೆದರಿಸಿದರು, ಕೊನೆಗೆ ಕುದುರೆ ತಿರುಗಿಸಿಕೊಂಡು ಹೋದರು. ಕಾದಾಡುವವರೇ ಇಲ್ಲದ ಮೇಲೆ ಅವರಾದರೂ ಏನು ಮಾಡಿಯಾರು? ಹದಿನೆಂಟು ಜನರೂ ಅಂದು ಮಧ್ಯಾಹ್ನ ತಮ್ಮ ಮನೆಯಲ್ಲೇ ಉಂಡರು.

ಪಾಲಯ್ಯ ಕುಟ್ಟಾಣಿ ಹಿಂದಿರುಗಿಸಲು ಬುರುಜಿಗೆ ಬಂದಾಗ ಮಾತೆಯವರು ಬಳ್ಳಿಗೆ ನೀರು ಹಾಕುತ್ತಿದ್ದರು.

"ಮುಖ ನೋಡಿದೆಯಾ?"

"ನೋಡಿದೆ ಅವ್ವಾ." ಎಂದ ಪಾಲಯ್ಯ. "ನಡುಕ ಇನ್ನೂ ಹೋಗಿಲ್ಲ. ಆದರೆ ನಡುಗೋಕೆ ಈಗ ನಾಚಿಕೆ ಆಗ್ತಿಲ್ಲ."

ಕಾಲಿನ ಪೆಂಡೆಯವನ್ನು ಬಿಚ್ಚಿ ಅವರ ಪಾದದ ಬಳಿ ಇಟ್ಟ. ಅದು ಕೋಣಕ್ಕೆ ಸೇರಬೇಕಾದ್ದು ಎಂದರು ಮಾತೆಯವರು. ಪಾಲಯ್ಯ ನಕ್ಕ. ನಗುತ್ತ ನಗುತ್ತಲೇ ಅತ್ತ. ಅಂದಿನಿಂದ ಅವನು ರಣಭೈರವನಲ್ಲ. ಕಡೆಯವರೆಗೂ ಆ ಗಡಿಯಲ್ಲಿ ಎರಡೂ ಕಡೆಯ ಹಟ್ಟಿಗಳಿಗೆ ನೀರು ಹೊತ್ತವನು, ಮಾತೆಯವರ ಮೊದಲ ಶಿಷ್ಯ. ಅವನು ಮುಟ್ಟಿದ ಕುಟ್ಟಾಣಿಗೆ ನಾವಿಂದು ಹಣೆ ಹಚ್ಚಿ ನಮಸ್ಕರಿಸುತ್ತೇವೆ.

ಆದರೆ ಅಂದು ಅವನಿಗೆ ಅದೆಲ್ಲ ತಿಳಿದಿರಲಿಲ್ಲ. ಕಣ್ಣೊರೆಸಿಕೊಂಡು ಎರಡೆಲೆ ಕೊಯ್ದು ತಂದು ಕುಟ್ಟಲು ಕುಳಿತ. ಮಾತೆಯವರು ಬಾಗಿಲ ಕಡೆ ನೋಡಿದರು. ಅಲ್ಲಿ ಕಾಟಯ್ಯ, ಮೀಸೆ ಇಳಿಬಿಟ್ಟು, ಒಳಗೆ ಬರಲೋ ಬೇಡವೋ ಎಂದು ತಲೆ ತಗ್ಗಿಸಿ ನಿಂತಿದ್ದ.

"ಇನ್ನೊಂದು ಎಲೆ ಕುಯ್ಯಿ, ಮಗಾ" ಎಂದರು ಮಾತೆಯವರು.