ತಾನೇ ತಗ್ಗುವ ದೀಪ

ಕೆರೆಯ ಏರಿ ಮುಗಿಯುವಲ್ಲಿ ಒಂದು ಮಠ. ಅಲ್ಲಿನ ಸ್ವಾಮಿಗಳನ್ನು ಸುತ್ತಲಿನ ಜನ ಅಜ್ಜಾರು ಎನ್ನುತ್ತಿದ್ದರು. ಮಠದ ಗಾಡಿ ಓಡಿಸುತ್ತಿದ್ದವನು ಶಿಷ್ಯ ರಾಚಯ್ಯ.

ಆ ವರ್ಷ ಭಕ್ತರೊಬ್ಬರು ಮಠಕ್ಕೆ ಹೊಸ ಗಾಡಿ ಕೊಟ್ಟರು. ಅದರ ಹೆಡ್‌ಲೈಟು ಅಂತಿಂಥದಲ್ಲ. ಸ್ಟೇರಿಂಗ್ ತಿರುಗಿದ ಕಡೆ ತಾನೂ ತಿರುಗುತ್ತಿತ್ತು. ಎದುರಿಗೆ ಇನ್ನೊಂದು ಗಾಡಿಯ ದೀಪ ಕಂಡರೆ ತಾನಾಗಿಯೇ ತಗ್ಗುತ್ತಿತ್ತು.

ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ರಾಚಯ್ಯ ಮಟಮಟ ಮಧ್ಯಾಹ್ನವೇ ದೀಪ ಹಚ್ಚಿ ಬಂದವರಿಗೆಲ್ಲ ತೋರಿಸುತ್ತಿದ್ದ.

ಮಠದಲ್ಲೊಂದು ಹಳೆಯ ರೂಢಿಯಿತ್ತು. ಏರಿಯ ಮೇಲೆ ಯಾರಾದರೂ ನಡೆದು ಬರುತ್ತಿದ್ದರೆ ಗಾಡಿಯವನು ದೀಪ ತಗ್ಗಿಸಿ, ಅವರು ದಾಟುವತನಕ ನಿಲ್ಲಬೇಕು. ಏರಿ ಬಲು ಇಕ್ಕಟ್ಟು. ಒಂದು ಕಡೆ ನೀರು, ಇನ್ನೊಂದು ಕಡೆ ಎರಡಾಳುದ್ದ ಕೆಳಗೆ ಹೊಲ.

ಇನ್ನು ಆ ರೂಢಿ ಯಾಕೆ ಎಂದು ರಾಚಯ್ಯ ಕೇಳಿದ.

"ದೀಪ ತಾನ ತಗ್ಗತೈತ್ರಿ ಅಜ್ಜಾರ. ನಾ ಕೈ ಹಚ್ಚೂದ ಬ್ಯಾಡ."

ಅಜ್ಜಾರು ನಕ್ಕು ಸುಮ್ಮನಾದರು. ರಾಚಯ್ಯ ಅದನ್ನು ಒಪ್ಪಿಗೆ ಎಂದುಕೊಂಡ.

ಒಂದು ರಾತ್ರಿ, ಅಡುಗೆಯ ಸಾವಂತ್ರವ್ವನ ಮಗಳಿಗೆ ಹೆರಿಗೆ ನೋವು ಬಂತು. ಚೊಚ್ಚಲು, ಅದೂ ದಿನ ತುಂಬುವ ಮೊದಲೇ. ಆಚೆ ದಂಡೆಯ ಊರಿನ ನರ್ಸ್ ಖಾಜಾಬಿಗೆ ಫೋನು ಮಾಡಿದರು. ಹುಡುಗಿಯನ್ನು ಅಲ್ಲಾಡಿಸಬೇಡಿ, ಗಾಡಿ ಕಳಿಸಿ, ನಾನೇ ಬರುತ್ತೇನೆ ಎಂದಳು ಆಕೆ.

ರಾಚಯ್ಯ ಗಾಡಿ ಹೊರಡಿಸಿದ. ಅಜ್ಜಾರು ಪಕ್ಕದಲ್ಲಿ ಕುಳಿತರು. ಹುಡುಗಿಯ ಕೂಗು ಗೇಟಿನವರೆಗೂ ಬೆನ್ನು ಹತ್ತಿ ಬಂತು. ಅವಳಿಗೆ ಅಕ್ಷರ ತಿದ್ದಿಸಿದವನು ರಾಚಯ್ಯನೇ.

ಏರಿ ಹತ್ತುವ ಮುಂಚೆ ಲಾರಿಯೊಂದು ಎದುರಾಯಿತು. ದೀಪ ತಾನೇ ತಗ್ಗಿತು. ಲಾರಿ ದಾಟಿದ ಮೇಲೆ ತಾನೇ ಎದ್ದಿತು.

"ನೋಡಿದ್ರಿಲ್ರಿ?" ಎಂದ ರಾಚಯ್ಯ. ಆ ಗಾಬರಿಯಲ್ಲೂ ಅವನಿಗೆ ಹೆಮ್ಮೆ ತಡೆಯಲಾಗಲಿಲ್ಲ.

ಏರಿಯ ನಡುವಿನ ತಿರುವಿನಲ್ಲಿ ಒಬ್ಬ ಹೆಂಗಸು ಕಂಡಳು. ಕೈಯಲ್ಲಿ ದೀಪವಿಲ್ಲ, ಬೆಳದಿಂಗಳನ್ನೇ ನಂಬಿ ನಡೆದು ಬರುತ್ತಿದ್ದಳು. ಬೆಳಕು ನೆಟ್ಟಗೆ ಅವಳ ಮುಖಕ್ಕೆ ಬಡಿಯಿತು. ಅವಳು ಸೆರಗಿನಿಂದ ಕಣ್ಣು ಮುಚ್ಚಿಕೊಂಡು ನಿಂತುಬಿಟ್ಟಳು.

ದೀಪ ತಗ್ಗಲಿಲ್ಲ.

ತನಗೆ ಅವಳು ಇಷ್ಟು ಚೆನ್ನಾಗಿ ಕಾಣುವಾಗ ಅವಳಿಗೂ ದಾರಿ ಕಾಣದೇನು, ಸರಿಯುತ್ತಾಳೆ ಎಂದುಕೊಂಡ ರಾಚಯ್ಯ. ವೇಗ ಇಳಿಸದೆ ಹಾರ್ನ್ ಒತ್ತಿದ.

ಅವಳು ಸರಿದಳು. ನೀರಿನ ಕಡೆಗೆ. ಒಂದು ಹೆಜ್ಜೆ, ಮತ್ತೊಂದು ಹೆಜ್ಜೆ.

"ನಿಲ್ಲಸು," ಎಂದರು ಅಜ್ಜಾರು. ದನಿ ಏರಲಿಲ್ಲ. "ದೀಪ ಆರಸು."

ಗಾಡಿ ಕಿರುಗುಟ್ಟಿ ನಿಂತಿತು. ದೀಪ ಆರಿತು. ಆ ಕತ್ತಲಲ್ಲಿ ನೀರಿಗೆ ಏನೋ ಬಿದ್ದ ಸದ್ದು ಕೇಳಿಸಿತು. ಕಲ್ಲೋ, ಆ ಹೆಂಗಸೋ, ರಾಚಯ್ಯನಿಗೆ ತಿಳಿಯಲಿಲ್ಲ.

ಎಷ್ಟೋ ಹೊತ್ತಾಯಿತು ಅನಿಸಿದ ಮೇಲೆ ಚಪ್ಪಲಿಯ ಸಪ್ಪಳ ಹತ್ತಿರ ಬಂತು. ಬಾಗಿಲು ತೆರೆದು ಹತ್ತಿದವಳು ಖಾಜಾಬಿ. ಗಾಡಿಯ ದಾರಿ ಕಾಯುತ್ತ ಕೂರಲಾರದೆ ನಡೆದೇ ಹೊರಟಿದ್ದಳು. ನೀರಿಗೆ ಬಿದ್ದದ್ದು ಅವಳ ಕಾಲಡಿಯ ಕಲ್ಲು.

"ಬೆಳ್ದಿಂಗಳದಾಗ ದಾರಿ ಛಲೋ ಕಾಣತಿತ್ತು. ನಿಮ್ಮ ದೀಪ ಬಂದು ಕುರುಡಿ ಮಾಡ್ತು ನೋಡು," ಎಂದು ಗೊಣಗಿ, ನೋವು ಶುರುವಾಗಿ ಎಷ್ಟು ಹೊತ್ತಾಯಿತೆಂದು ವಿಚಾರಿಸಿದಳು.

ಏರಿಯಲ್ಲಿ ಗಾಡಿ ತಿರುಗಿಸಲು ಜಾಗವಿಲ್ಲ. ರಾಚಯ್ಯ ಹಿಂದೆ ಹಿಂದೆಯೇ ಮಠದವರೆಗೆ ಒಯ್ದ.

ನಸುಕಿನಲ್ಲಿ ಕೂಸು ಅತ್ತಿತು. ತಾಯಿಯೂ ಉಳಿದಳು. ಇನ್ನು ಸ್ವಲ್ಪ ತಡವಾಗಿದ್ದರೆ ಇಬ್ಬರೂ ಕೈಗೆ ದಕ್ಕುತ್ತಿರಲಿಲ್ಲ ಎಂದಳು ಖಾಜಾಬಿ.

ರಾಚಯ್ಯ ಗಾಡಿಯ ಬೀಗದ ಕೈಯನ್ನು ಅಜ್ಜಾರ ಪಾದದ ಹತ್ತಿರ ಇಟ್ಟ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

"ಲಾರಿಗೆ ತಗ್ಗಿದ ದೀಪ ಆಕಿಗ್ಯಾಕ ತಗ್ಗಲಿಲ್ರಿ ಅಜ್ಜಾರ?"

"ಆಕಿ ಕೈಯಾಗ ದೀಪ ಇರಲಿಲ್ಲ."

ಅಜ್ಜಾರು ಬೀಗದ ಕೈ ಎತ್ತಿ, ಅವನ ಅಂಗೈಯಲ್ಲಿಟ್ಟು, ಬೆರಳುಗಳನ್ನು ಮಡಚಿದರು.

"ದೀಪ ಇದ್ದವರಿಗೆ ತಗ್ಗೂದು ದೀಪಕ್ಕೂ ಗೊತ್ತೈತಿ ರಾಚಯ್ಯ. ಇಲ್ಲದವರಿಗೆ ತಗ್ಗಾಕ ನೀ ಇದ್ದಿ."