ಕೊನೆಯ ಸಬ್‌ನೆಟ್

ಹೊಸದಾಗಿ ಬಂದ ಹಂಚಿನಾಳ ಸಾಹೇಬರು ಕಚೇರಿಗೆ ಭಾನುವಾರದ ರಜೆಯನ್ನೂ ರದ್ದು ಮಾಡಿದರು. ಕೇಳಲು ಹೋದವರೆಲ್ಲ ಬೈಸಿಕೊಂಡು ಬಂದರು.

ಆಗಲೇ ಕಚೇರಿಯ ನೆಟ್‌ವರ್ಕನ್ನು ನಾಲ್ಕು ಭಾಗ, ಅಂದರೆ ನಾಲ್ಕು ಸಬ್‌ನೆಟ್, ಮಾಡಿ ಪ್ರತಿ ಭಾಗಕ್ಕೂ ಸಾಲಾಗಿ ನಂಬರು ಕೊಡುವ ಕೆಲಸ ಬಂತು. ಕಂಪ್ಯೂಟರ್ ನೋಡಿಕೊಳ್ಳುವವನು ಫಕೀರಪ್ಪ.

"ಕೊನೀದು ನನ್ನ ಚೇಂಬರಿಗಿರ್ಲಿ. ನನ್ನ ಮ್ಯಾಲೆ ಯಾವ ನಂಬರೂ ಇರಬಾರದು," ಎಂದರು ಸಾಹೇಬರು.

"ಬ್ಯಾಡ್ರಿ ಸಾಹೇಬ್ರ. ಆ ಭಾಗದ ಎಲ್ಲಾರಿಗೂ ಕಳಿಸೋ ವಿಳಾಸ, ಇಡೀ ಕಚೇರಿಗೆ ಕಳಿಸೋ ವಿಳಾಸ, ಎರಡೂ ಒಂದ ಆಗ್ತಾವ. ಯಾರಿಗೆ ಕಳಿಸಿದ್ದು ಅಂತ ಹಳೇ ಮಷೀನಿಗೆ ತಿಳಿಯೂದಿಲ್ಲ."

"ನನಗ ಪಾಠ ಹೇಳಬ್ಯಾಡ."

ಸಾಹೇಬರು ಹೇಳಿದಂತೆಯೇ ಫಕೀರಪ್ಪ ಮಾಡಿದ. ಶನಿವಾರ ಸಂಜೆ ಹೋಗಿ ಕೈಕಟ್ಟಿ ನಿಂತ. "ನಿಮ್ಮ ಚೇಂಬರಿನವರಿಗೆ ಒಂದು ಸಂದೇಶ ಕಳಿಸಿ ನೋಡ್ರಿ. ಅವರು ಖುಷಿ ಪಡೂವಂಥಾದ್ದು."

ಸಾಹೇಬರು ಚೇಂಬರಿನ ತಮ್ಮ ಆಪ್ತರಿಗಷ್ಟೇ ಎಂದು "ನಾಳೆ ರಜೆ" ಎಂದು ಕಳಿಸಿದರು. ಕಚೇರಿಯ ಪರದೆಗಳ ಮೇಲೆಲ್ಲ ರಜೆ ಮೂಡಿತು. ಅವರು ಹೊರಗೆ ಓಡಿ ಬರುವಷ್ಟರಲ್ಲಿ ಬೈಕುಗಳೆಲ್ಲ ಹೋಗಿದ್ದವು.

ತಪ್ಪಾಯಿತೆಂದರೆ ಮರ್ಯಾದೆ ಹೋಗುತ್ತದೆ. "ರಜೆ ನಾನ ಕೊಟ್ಟೀನಿ," ಎಂದರು.

ಫಕೀರಪ್ಪ ಖುಷಿಯಿಂದ ಊಟದ ಡಬ್ಬಿ ಎತ್ತಿಕೊಂಡ.

"ನೀ ಎಲ್ಲಿಗೆ? ಈ ನಂಬರು ಸರಿ ಮಾಡೋರು ಯಾರು? ನಾಳೆ ಬಾ."

ಭಾನುವಾರ ಆ ಕಚೇರಿಯಲ್ಲಿ ಫ್ಯಾನು ತಿರುಗಿದ್ದು ಫಕೀರಪ್ಪನೊಬ್ಬನ ತಲೆಯ ಮೇಲೆ.